ಕಲ್ಲು, ಕಡತ, ಬ್ಲಾಕ್‌ಚೈನ್: ಲೇಖನಿ ಯಾರ ಕೈಯಲ್ಲಿದೆ?

2018ರಲ್ಲಿ ಉತ್ತರ ಬೆಂಗಳೂರಿನ ಹೆಬ್ಬಾಳದಲ್ಲಿ ಚರಂಡಿ ಕೆಲಸಕ್ಕಾಗಿ ನೆಲ ಅಗೆಯುತ್ತಿದ್ದಾಗ ಒಂದು ಹಳೆಯ ಶಾಸನಕಲ್ಲು ಬೆಳಕಿಗೆ ಬಂತು. ಅದು ಕ್ರಿ.ಶ. ಸುಮಾರು 750ರ ಕಾಲದ್ದು, ಗಂಗ ದೊರೆ ಶ್ರೀಪುರುಷನ ಆಳ್ವಿಕೆಗೆ ಸೇರಿದ್ದು ಎಂದು ತಜ್ಞರು ಗುರುತಿಸಿದ್ದಾರೆ. ಕಿತ್ತಯ್ಯ ಎಂಬ ವೀರನೊಬ್ಬ ಹೋರಾಡಿ ಮಡಿದ ಸಂಗತಿಯನ್ನು ಅದು ಹೇಳುತ್ತದೆ. ಈ ಸೀಮೆಯನ್ನು ಪೆರ್ಬೊಳಲ್ ನಾಡು ಎಂದು ಕರೆಯುತ್ತದೆ. ಪೆರ್ಬೊಳಲೇ ಕಾಲಕ್ರಮದಲ್ಲಿ ಹೆಬ್ಬಾಳವಾಯಿತು. ಬೆಂಗಳೂರಿನಲ್ಲಿ ಈವರೆಗೆ ದೊರೆತ ಕನ್ನಡ ಶಾಸನಗಳಲ್ಲಿ ಇದೇ ಅತ್ಯಂತ ಹಳೆಯದೆಂದು ಪರಿಗಣಿಸಲಾಗಿದೆ.

ಆ ಕಲ್ಲು ಸಿಕ್ಕಿದ ಊರಿನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ನಾಗವಾರದ ಕಡೆಗೆ, ಮಾನ್ಯತಾ ಟೆಕ್ ಪಾರ್ಕಿನ ಗಾಜಿನ ಕಟ್ಟಡಗಳಿವೆ. ಜಗತ್ತಿನ ಬೇರೆ ಬೇರೆ ಕಂಪೆನಿಗಳ ಲೆಕ್ಕಪತ್ರಗಳನ್ನು ಕಾಯುವ ಸಾವಿರಾರು ಮಂದಿ ಎಂಜಿನಿಯರುಗಳು ಅಲ್ಲಿ ದುಡಿಯುತ್ತಾರೆ. ಕಳೆದ ಹತ್ತು ವರ್ಷಗಳಿಂದ ಈ ಕ್ಷೇತ್ರದಲ್ಲಿ ಬಹಳವಾಗಿ ಕೇಳಿಬರುತ್ತಿರುವ ಹೆಸರು ಬ್ಲಾಕ್‌ಚೈನ್. ಒಮ್ಮೆ ಬರೆದರೆ ಯಾರಿಗೂ ಅಳಿಸಲಾಗದ, ಯಾರಿಗೂ ಕದ್ದು ತಿದ್ದಲಾಗದ ಲೆಕ್ಕದ ಪುಸ್ತಕ ಎಂದು ಅದನ್ನು ಪರಿಚಯಿಸಲಾಗುತ್ತದೆ.

ಹಾಗೆ ನೋಡಿದರೆ ಹೆಬ್ಬಾಳದ ಕಲ್ಲನ್ನು ಕೆತ್ತಿದವರ ಆಸೆಯೂ ಅದೇ ಆಗಿತ್ತು. ಅಳಿಸಲಾಗದ ಬರಹಕ್ಕಾಗಿ ಮನುಷ್ಯ ಸಾವಿರಾರು ವರ್ಷಗಳಿಂದ ಹುಡುಕುತ್ತಾ ಬಂದಿದ್ದಾನೆ. ಬ್ಲಾಕ್‌ಚೈನ್ ಆ ಹುಡುಕಾಟದ ಇತ್ತೀಚಿನ ಅಧ್ಯಾಯ. ಬ್ಯಾಂಕುಗಳು, ಸರ್ಕಾರಿ ಇಲಾಖೆಗಳು, ವ್ಯಾಪಾರಿಗಳು ಇದನ್ನು ಹೇಗೆ ಸ್ವೀಕರಿಸಿದರು, ಎಲ್ಲಿ ಕೈಬಿಟ್ಟರು ಎಂಬುದನ್ನು ಅರಿಯಬೇಕಾದರೆ ನಾವು ಹಳೆಯ ಅಧ್ಯಾಯಗಳನ್ನೂ ಒಮ್ಮೆ ತಿರುವಿ ನೋಡಬೇಕು. ಏಕೆಂದರೆ ಇದು ಎಂಜಿನಿಯರುಗಳಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಒಂದು ಪಹಣಿಯ ಮೇಲೆ, ಒಂದು ನಿವೇಶನದ ಖಾತೆಯ ಮೇಲೆ, ಮಂಡಿಯ ಒಂದು ಚೀಟಿಯ ಮೇಲೆ ಇಡೀ ಸಂಸಾರದ ಬದುಕು ನಿಂತಿರುವ ನಾಡು ನಮ್ಮದು.

ಕಲ್ಲು ಮತ್ತು ಕಡತ

ಹಿಂದಿನ ಕಾಲದಲ್ಲಿ ಭೂಮಿಯನ್ನು ದಾನ ಕೊಟ್ಟಾಗ ಅದನ್ನು ಕಲ್ಲಿನ ಮೇಲೆ ಬರೆಸಿ ಊರ ನಡುವೆ ನಿಲ್ಲಿಸುತ್ತಿದ್ದರು. ಕೊಟ್ಟವರು ಯಾರು, ಪಡೆದವರು ಯಾರು, ನೆಲದ ಎಲ್ಲೆ ಯಾವುದು, ಸಾಕ್ಷಿಗಳು ಯಾರು ಎಂಬುದೆಲ್ಲ ಅದರಲ್ಲಿರುತ್ತಿತ್ತು. ಕೊನೆಯಲ್ಲಿ, ಈ ದಾನವನ್ನು ಅಪಹರಿಸಿದವರಿಗೆ ಘೋರ ಪಾಪ ತಟ್ಟುತ್ತದೆ ಎಂಬ ಶಾಪವಿರುತ್ತಿತ್ತು. ಕಲ್ಲಿನ ಬಲ ಕಲ್ಲಿನಲ್ಲಷ್ಟೇ ಇರಲಿಲ್ಲ, ಅದು ಎಲ್ಲರ ಕಣ್ಣೆದುರು ಇತ್ತು. ಒಬ್ಬ ಅಧಿಕಾರಿ ರಾತ್ರೋರಾತ್ರಿ ಅಕ್ಷರ ಬದಲಿಸಿದರೆ ಬೆಳಗಾಗುವಾಗ ಇಡೀ ಊರಿಗೆ ತಿಳಿಯುತ್ತಿತ್ತು. ತಾಮ್ರಶಾಸನಗಳ ಕ್ರಮ ಸ್ವಲ್ಪ ಬೇರೆ. ಹಲಗೆಗಳನ್ನು ಬಳೆಯಿಂದ ಪೋಣಿಸಿ, ರಾಜಮುದ್ರೆ ಒತ್ತಿ, ದಾನ ಪಡೆದವನ ಕೈಗೇ ಕೊಡುತ್ತಿದ್ದರು. ದಾಖಲೆಯ ಪ್ರತಿ ಹಕ್ಕುದಾರನ ಬಳಿಯೇ ಉಳಿಯುತ್ತಿತ್ತು.

ಆದರೆ ಇಲ್ಲೊಂದು ಸ್ವಾರಸ್ಯಕರ ಸಂಗತಿಯಿದೆ. ಬಿ.ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಪ್ರಕಟಿಸಿದರು. ಬೆಂಗಳೂರು ಜಿಲ್ಲೆಯ ಸಂಪುಟ 1905ರಲ್ಲಿ ಹೊರಬಂತು. ಅದೇ ಕಾಲದ ಇನ್ನೊಬ್ಬ ವಿದ್ವಾಂಸ ಜೆ.ಎಫ್. ಫ್ಲೀಟ್ ಅವರು ಗಂಗರ ಹೆಸರಿನ ಹಲವು ತಾಮ್ರಶಾಸನಗಳು ಕೂಟ, ಅಂದರೆ ನಕಲಿ ಎಂದು ವಾದಿಸಿದರು. ಇಬ್ಬರ ನಡುವೆ ದೀರ್ಘ ಚರ್ಚೆ ನಡೆಯಿತು. ತಾಮ್ರದ ಮೇಲೆ ಕೊರೆದದ್ದನ್ನು ತಿದ್ದುವುದು ಕಷ್ಟ, ನಿಜ. ಆದರೆ ಸುಳ್ಳನ್ನೇ ಮೊದಲಿಗೆ ಕೊರೆದುಬಿಟ್ಟರೆ? ಆಗ ಆ ಸುಳ್ಳು ನೂರಾರು ವರ್ಷ ಬಾಳುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳೋಣ, ಬ್ಲಾಕ್‌ಚೈನಿನ ಚರ್ಚೆಯಲ್ಲಿ ಇದು ಮತ್ತೆ ಬರುತ್ತದೆ.

ಕಲ್ಲಿಗೆ ತದ್ವಿರುದ್ಧವಾದ ಸಾಧನವೊಂದು ನಮ್ಮಲ್ಲಿತ್ತು. ಅದೇ ಕಡತ. ಉದ್ದನೆಯ ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಬಳಿದು, ಒಣಗಿಸಿ, ಮಡಚಿ, ಬಳಪದಿಂದ ಬರೆಯುತ್ತಿದ್ದರು. ವರ್ತಕರ ಲೆಕ್ಕ, ಶಾನುಭೋಗರ ಲೆಕ್ಕ ಎರಡಕ್ಕೂ ಇದು ಬಳಕೆಯಲ್ಲಿತ್ತು. ಬೇಡವಾದಾಗ ಅಳಿಸಿ ಮತ್ತೆ ಬರೆಯಬಹುದು. ಇಂದು ಸರ್ಕಾರಿ ಕಚೇರಿಯ ಫೈಲಿಗೆ ನಾವು ಕಡತ ಎನ್ನುತ್ತೇವೆ. ಅಳಿಸಿ ಬರೆಯುವ ಬಟ್ಟೆಯ ಹೆಸರೇ ಆಡಳಿತದ ಮುಖ್ಯ ದಾಖಲೆಗೆ ಉಳಿದುಕೊಂಡಿದೆ.

ಊರಿನ ಭೂಮಿಯ ಲೆಕ್ಕ ತಲೆಮಾರುಗಳ ಕಾಲ ಶಾನುಭೋಗರ ಮನೆಯಲ್ಲಿತ್ತು. ಈ ಹುದ್ದೆ ವಂಶಪಾರಂಪರ್ಯವಾಗಿ ಬರುತ್ತಿತ್ತು. ಪ್ರಾಮಾಣಿಕರು ಅನೇಕರಿದ್ದರು. ಆದರೆ ಪುಸ್ತಕ ಒಂದೇ, ಅದನ್ನು ಓದಬಲ್ಲವರು ಕೆಲವರೇ, ಬರೆಯುವವರು ಒಬ್ಬರೇ. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರಲ್ಲಿ ಜಾರಿಯಾಗಿ ವಂಶಪಾರಂಪರ್ಯ ಕೊನೆಗೊಂಡಿತು. ಸಂಬಳದ ಗ್ರಾಮಲೆಕ್ಕಿಗರು ಬಂದರು. ವ್ಯಕ್ತಿ ಬದಲಾದರೂ ಪುಸ್ತಕ ಮತ್ತು ಲೇಖನಿ ಒಬ್ಬರ ಕೈಯಲ್ಲೇ ಉಳಿದವು.

ಬರೆದಿಡುವುದರ ನ್ಯಾಯ

ವ್ಯಾಪಾರದ ಲೋಕದಲ್ಲಿ ಈ ಸಮಸ್ಯೆಗೆ ಬೇರೆ ಬೇರೆ ಪರಿಹಾರಗಳನ್ನು ಕಂಡುಕೊಳ್ಳಲಾಯಿತು. ಇಟಲಿಯ ಲೂಕಾ ಪಚೋಲಿ 1494ರಲ್ಲಿ ಪ್ರಕಟಿಸಿದ ಗಣಿತ ಗ್ರಂಥದಲ್ಲಿ ಜಮಾ ಮತ್ತು ಖರ್ಚುಗಳನ್ನು ಎರಡು ಕಡೆ ಬರೆದು ತಾಳೆ ನೋಡುವ ಕ್ರಮವನ್ನು ವಿವರಿಸಿದರು. ವೆನಿಸ್ಸಿನ ವರ್ತಕರು ಅದನ್ನು ಮೊದಲೇ ಬಳಸುತ್ತಿದ್ದರು. ಅರಬ್ ವರ್ತಕರು ಸಕ್ ಮತ್ತು ಸುಫ್ತಜಾ ಎಂಬ ಪತ್ರಗಳ ಮೂಲಕ ಹಣ ಹೊತ್ತೊಯ್ಯದೆ ದೂರದ ಊರುಗಳಲ್ಲಿ ವ್ಯವಹರಿಸಿದರು. ನಮ್ಮಲ್ಲಿ ಅದೇ ಕೆಲಸವನ್ನು ಹುಂಡಿ ಮಾಡಿತು. ಇವೆಲ್ಲದರ ಹಿಂದೆ ಇದ್ದದ್ದು ಒಂದೇ ಪ್ರಶ್ನೆ: ಎದುರಿನವನ ಪುಸ್ತಕವನ್ನು ನಾನು ಹೇಗೆ ನಂಬಲಿ?

ಸಾಲದ ವ್ಯವಹಾರದ ಬಗ್ಗೆ ಪವಿತ್ರ ಕುರ್‌ಆನಿನ ಅಲ್‌ಬಕರ ಅಧ್ಯಾಯದ 282ನೇ ಸೂಕ್ತ ನೀಡುವ ನಿರ್ದೇಶನ ಇಲ್ಲಿ ಗಮನಾರ್ಹ. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಇದು. ಅವಧಿ ನಿಗದಿಯಾದ ಸಾಲವನ್ನು ಬರೆದಿಡಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಕ್ಷಿಗಳಿರಬೇಕು ಎಂದು ಅದು ಹೇಳುತ್ತದೆ. ಬರಹದ ಮಾತುಗಳನ್ನು ಹೇಳಿ ಬರೆಸುವ ಹಕ್ಕನ್ನು ಅದು ಸಾಲ ಕೊಟ್ಟ ಬಲಿಷ್ಠನಿಗೆ ಕೊಡದೆ ಸಾಲದ ಹೊಣೆ ಹೊತ್ತವನಿಗೆ ಕೊಡುತ್ತದೆ. ಅವನು ಅಶಕ್ತನಾಗಿದ್ದರೆ ಅವನ ಪರವಾಗಿ ಪೋಷಕ ಹೇಳಿ ಬರೆಸಬೇಕು. ಕೈಯಿಂದ ಕೈಗೆ ಅಲ್ಲಲ್ಲೇ ಮುಗಿಯುವ ವ್ಯಾಪಾರವನ್ನು ಬರೆಯದಿದ್ದರೂ ದೋಷವಿಲ್ಲ ಎಂಬ ವಿನಾಯಿತಿಯೂ ಅದರಲ್ಲಿದೆ. ಅಂದರೆ ದಾಖಲೆ ಎಲ್ಲಿ ಬೇಕು, ಎಲ್ಲಿ ಬೇಡ, ದುರ್ಬಲನ ಮಾತು ದಾಖಲೆಯೊಳಗೆ ಹೇಗೆ ಬರಬೇಕು ಎಂಬ ಮೂರೂ ಪ್ರಶ್ನೆಗಳು ಹದಿನಾಲ್ಕು ಶತಮಾನಗಳ ಹಿಂದೆಯೇ ಚರ್ಚೆಗೆ ಬಂದಿದ್ದವು. ಇಂದಿನ ತಂತ್ರಜ್ಞಾನವನ್ನು ಅಳೆಯಲು ಈ ಮೂರು ಪ್ರಶ್ನೆಗಳೇ ಸಾಕು.

ಪಹಣಿ ಕಂಪ್ಯೂಟರಿಗೆ ಹೋದಾಗ

ಬ್ಲಾಕ್‌ಚೈನಿಗೂ ಮೊದಲು ಕರ್ನಾಟಕ ಒಂದು ದೊಡ್ಡ ಪ್ರಯೋಗ ಮಾಡಿತ್ತು. ಅದು ಭೂಮಿ ಯೋಜನೆ. ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ ಎರಡು ಕೋಟಿ ಭೂದಾಖಲೆಗಳು ಈ ಶತಮಾನದ ಆರಂಭದಲ್ಲಿ ಕಂಪ್ಯೂಟರ್ ಸೇರಿದವು. ಅದುವರೆಗೆ ಅವು ಸುಮಾರು 9,000 ಗ್ರಾಮಲೆಕ್ಕಿಗರ ಬಳಿ ಇದ್ದವು. ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಸಿಗುವಂತಾಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬ ನಿಯಮವನ್ನು ತಂತ್ರಾಂಶದಲ್ಲೇ ಅಳವಡಿಸಲಾಯಿತು. ಯಾವ ಅಧಿಕಾರಿ ಯಾವ ಬದಲಾವಣೆ ಮಾಡಿದರೆಂದು ಮುಂದೆ ತಿಳಿಯಲು ಬೆರಳಚ್ಚಿನ ಗುರುತು ಕಡ್ಡಾಯವಾಯಿತು.

ಈ ಯೋಜನೆ ನೆಲೆಗೊಳ್ಳಲು ಕಾರಣವೇನು? ಹೊಸ ಪುಸ್ತಕ ತೆರೆದಾಗ ಹಳೆಯದನ್ನು ಮುಚ್ಚಲಾಯಿತು. ಕಿಟಕಿ ಆರಂಭವಾದ ತಾಲೂಕಿನಲ್ಲಿ ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ಇಲ್ಲವೆಂದು ಸರ್ಕಾರ ಪ್ರಕಟಿಸಿತು. ಎರಡೂ ಪುಸ್ತಕಗಳು ಜೊತೆಯಾಗಿ ನಡೆದಿದ್ದರೆ ಜನ ತಮಗೆ ಅನುಕೂಲವಾದುದನ್ನು ಹಿಡಿದುಕೊಳ್ಳುತ್ತಿದ್ದರು. ಯಾವುದೇ ಸಂಸ್ಥೆ ಹೊಸ ಲೆಕ್ಕ ಪದ್ಧತಿಗೆ ಹೋಗುವಾಗ ಎದುರಿಸಬೇಕಾದ ಮೊದಲ ಸವಾಲು ಇದೇ.

ಆದರೆ ಕಾಗದದಲ್ಲಿದ್ದ ತಪ್ಪುಗಳು ಕಂಪ್ಯೂಟರಿಗೂ ಹೋದವು. ಹೆಸರಿನ ಒಂದಕ್ಷರ, ವಿಸ್ತೀರ್ಣದ ಒಂದು ಗುಂಟೆ ತಪ್ಪಾದರೆ ಪಹಣಿ ತಿದ್ದುಪಡಿಗಾಗಿ ಅಲೆಯಬೇಕಾದವನು ರೈತನೇ. ಹಿಂದೆ ಊರಿನಲ್ಲೇ ಸಿಗುತ್ತಿದ್ದ ಲೆಕ್ಕಿಗರ ಬದಲು ಅವನು ತಾಲೂಕು ಕೇಂದ್ರಕ್ಕೆ ಹೋಗಬೇಕಾಯಿತು. 2007ರಲ್ಲಿ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ ಇನ್ನೊಂದು ಗಂಭೀರ ಅಂಶವನ್ನು ಎತ್ತಿತು. ದಾಖಲೆಗಳು ಒಂದೆಡೆ ಕೇಂದ್ರೀಕೃತವಾದದ್ದರಿಂದ ಬೆಂಗಳೂರಿನ ಅಂಚಿನ ಭೂಮಿ ದೊಡ್ಡ ಡೆವಲಪರುಗಳಿಗೆ ಸುಲಭವಾಗಿ ಎಟುಕುವಂತಾಯಿತು ಎಂಬುದು ಅವರ ವಾದ. ಪಾರದರ್ಶಕತೆ ಎಲ್ಲರಿಗೂ ಒಂದೇ. ಅದನ್ನು ಬಳಸಿಕೊಳ್ಳುವ ಶಕ್ತಿ ಮಾತ್ರ ಎಲ್ಲರಿಗೂ ಒಂದೇ ಅಲ್ಲ.

ಸರಪಳಿಯ ಹುಟ್ಟು

ಇನ್ನು ಬ್ಲಾಕ್‌ಚೈನಿಗೆ ಬರೋಣ. ಬಿಟ್‌ಕಾಯಿನ್ ಜೊತೆ ಇದರ ಹೆಸರು ಕೇಳಿದವರೇ ಹೆಚ್ಚು. ಆದರೆ ಇದರ ಮೂಲ ಕಲ್ಪನೆ ಅದಕ್ಕಿಂತ ಹಳೆಯದು. 1991ರಲ್ಲಿ ಅಮೆರಿಕದ ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟೋರ್ನೆಟ್ಟಾ ಎಂಬ ಸಂಶೋಧಕರು ಒಂದು ಪ್ರಶ್ನೆ ಕೇಳಿಕೊಂಡರು. ಕಂಪ್ಯೂಟರಿನ ದಾಖಲೆಯನ್ನು ಗುರುತೇ ಇಲ್ಲದಂತೆ ತಿದ್ದಬಹುದು. ಹಾಗಾದರೆ ಇಂಥ ದಿನ ಇದು ಹೀಗೇ ಇತ್ತು ಎಂದು ಸಾಬೀತುಪಡಿಸುವುದು ಹೇಗೆ?

ಅವರ ಉತ್ತರ ಸರಳವಾಗಿತ್ತು. ಪ್ರತಿ ದಾಖಲೆಯಿಂದ ಗಣಿತದ ಮೂಲಕ ಒಂದು ಪುಟ್ಟ ಗುರುತನ್ನು ತೆಗೆಯಬಹುದು. ಅದನ್ನು ಹ್ಯಾಶ್ ಎನ್ನುತ್ತಾರೆ. ನಾವು ದಾಖಲೆಯ ಬೆರಳಚ್ಚು ಎನ್ನಬಹುದು. ದಾಖಲೆಯಲ್ಲಿ ಒಂದು ಅಲ್ಪವಿರಾಮ ಬದಲಾದರೂ ಬೆರಳಚ್ಚು ಪೂರ್ತಿ ಬದಲಾಗುತ್ತದೆ. ಪ್ರತಿಯೊಂದು ಹೊಸ ದಾಖಲೆಯೊಳಗೆ ಅದರ ಹಿಂದಿನದರ ಬೆರಳಚ್ಚನ್ನೂ ಸೇರಿಸಿದರೆ ಎಲ್ಲವೂ ಕೊಂಡಿ ಕೊಂಡಿಯಾಗಿ ಹೆಣೆದುಕೊಳ್ಳುತ್ತವೆ. ನಡುವಿನ ಒಂದನ್ನು ತಿದ್ದಬೇಕಾದರೆ ಮುಂದಿನ ಎಲ್ಲವನ್ನೂ ತಿದ್ದಬೇಕು. 1995ರಿಂದ ಈ ಸಂಶೋಧಕರ ಸಂಸ್ಥೆ ಅಂಥ ಬೆರಳಚ್ಚನ್ನು ಪ್ರತಿ ವಾರ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಣ್ಣ ಪ್ರಕಟಣೆಗಳ ನಡುವೆ ಅಚ್ಚು ಹಾಕಿಸಿತು. ಲಕ್ಷಾಂತರ ಮನೆಗಳಿಗೆ ಹೋದ ಪತ್ರಿಕೆಯನ್ನು ಯಾರು ತಾನೆ ತಿದ್ದಬಲ್ಲರು? ಊರ ನಡುವಿನ ಕಲ್ಲಿನ ಉಪಾಯವೇ ಇಲ್ಲಿ ಹೊಸ ರೂಪದಲ್ಲಿ ಬಂತು.

2008ರ ಅಕ್ಟೋಬರಿನಲ್ಲಿ ಸತೋಶಿ ನಕಮೋಟೊ ಎಂಬ ಹೆಸರಿನಲ್ಲಿ ಬಿಟ್‌ಕಾಯಿನ್ ಪ್ರಬಂಧ ಪ್ರಕಟವಾಯಿತು. 2009ರ ಜನವರಿಯಲ್ಲಿ ಅದು ಜಾರಿಗೆ ಬಂತು. ಪುಸ್ತಕದ ಪ್ರತಿ ಎಲ್ಲರ ಬಳಿಯೂ ಇರಲಿ, ಹೊಸ ಪುಟವನ್ನು ಸೇರಿಸಲು ಬಹುಪಾಲು ಒಪ್ಪಲಿ ಎಂಬುದು ಅದರ ವಿಶೇಷ. ಮುಂದೆ ಕಂಪೆನಿಗಳು ಇದನ್ನು ತಮಗೆ ತಕ್ಕಂತೆ ಮಾರ್ಪಡಿಸಿಕೊಂಡವು. ಅನುಮತಿ ಪಡೆದ ಸದಸ್ಯರು ಮಾತ್ರ ಬರೆಯಬಹುದಾದ ಸರಪಳಿಗಳು ಬಂದವು. 2015ರ ಕೊನೆಯಲ್ಲಿ ಲಿನಕ್ಸ್ ಫೌಂಡೇಶನ್ ಆರಂಭಿಸಿದ ಹೈಪರ್‌ಲೆಡ್ಜರ್ ಇಂಥವುಗಳಲ್ಲಿ ಪ್ರಮುಖವಾದುದು.

ಯಶವಂತಪುರದ ಎಪಿಎಂಸಿ ಯಾರ್ಡಿನ ಉದಾಹರಣೆಯಿಂದ ಇದನ್ನು ಅರ್ಥಮಾಡಿಕೊಳ್ಳೋಣ. ಚಿತ್ರದುರ್ಗದ ರೈತನೊಬ್ಬ ಈರುಳ್ಳಿ ತಂದ ಎಂದಿಟ್ಟುಕೊಳ್ಳಿ. ಮಂಡಿಯವರು ಒಂದು ಪುಸ್ತಕ ಬರೆಯುತ್ತಾರೆ, ಖರೀದಿದಾರ ಇನ್ನೊಂದು, ಲಾರಿಯವನು ಮತ್ತೊಂದು, ಮಾರುಕಟ್ಟೆ ಸಮಿತಿ ಇನ್ನೂ ಒಂದು. ರೈತನ ಕೈಗೆ ಸಿಗುವುದು ಒಂದು ಚೀಟಿ. ಅಧಿಕೃತ ರಸೀದಿಯ ಬದಲು ಬಿಳಿ ಚೀಟಿ ಕೊಟ್ಟು, ರೈತನಿಂದ ಪಡೆಯಬಾರದ ಕಮಿಷನ್ ಮುರಿದುಕೊಳ್ಳುವ ದೂರು ರಾಜ್ಯದ ಮಾರುಕಟ್ಟೆಗಳಲ್ಲಿ ಹಳೆಯದು. ಬ್ಲಾಕ್‌ಚೈನ್ ಇದ್ದರೆ ತೂಕ, ದರ, ಕಡಿತ ಎಲ್ಲವೂ ಐದೂ ಕಡೆ ಒಂದೇ ಪುಸ್ತಕವಾಗಿರುತ್ತದೆ. ಒಬ್ಬರು ತಿದ್ದಿದರೆ ಉಳಿದವರ ಪ್ರತಿಯೊಡನೆ ಹೊಂದುವುದಿಲ್ಲ. ಆದರೆ ತಕ್ಕಡಿಯಲ್ಲೇ ಮೋಸವಿದ್ದರೆ? ಆ ಮೋಸದ ತೂಕವೇ ಐದೂ ಪುಸ್ತಕಗಳಲ್ಲಿ ಅಳಿಸಲಾಗದಂತೆ ಕೂರುತ್ತದೆ.

ಇನ್ನೊಂದು ಸಂಗತಿ. ಕರ್ನಾಟಕ ಸರ್ಕಾರ 2014ರಲ್ಲಿ ಎಪಿಎಂಸಿಗಳಿಗಾಗಿ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿತು. 2016ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಇ-ನಾಮ್ ಬಂತು. ಇವುಗಳಲ್ಲಿ ಬ್ಲಾಕ್‌ಚೈನ್ ಇರಲಿಲ್ಲ. ಆನ್‌ಲೈನ್ ಹರಾಜಿಗೆ, ಎಲ್ಲರಿಗೂ ದರ ಕಾಣುವುದಕ್ಕೆ ಸಾಮಾನ್ಯ ಕಂಪ್ಯೂಟರ್ ವ್ಯವಸ್ಥೆಯೇ ಸಾಕಾಯಿತು. ಎಲ್ಲರೂ ಒಪ್ಪುವ ಮಧ್ಯಸ್ಥನಿದ್ದಲ್ಲಿ ಸರಪಳಿಯ ಹೊರೆ ಬೇಕಿಲ್ಲ ಎಂಬುದಕ್ಕೆ ಇದು ನಿದರ್ಶನ.

ಸಂಸ್ಥೆಗಳು ಸ್ವೀಕರಿಸಿದ ಬಗೆ

ಭಾರತದಲ್ಲಿ ಮೊದಲು ಮುಂದೆ ಬಂದದ್ದು ಬ್ಯಾಂಕುಗಳು. 2016ರ ಅಕ್ಟೋಬರಿನಲ್ಲಿ ಐಸಿಐಸಿಐ ಬ್ಯಾಂಕ್ ಮತ್ತು ದುಬೈಯ ಎಮಿರೇಟ್ಸ್ ಎನ್‌ಬಿಡಿ ಬ್ಯಾಂಕುಗಳು ಬೆಂಗಳೂರಿನ ಇನ್ಫೋಸಿಸ್ ಸಮೂಹದ ತಂತ್ರಾಂಶ ಬಳಸಿ ಹಣ ರವಾನೆ ಮತ್ತು ವ್ಯಾಪಾರ ಪತ್ರಗಳ ಪ್ರಾಯೋಗಿಕ ವ್ಯವಹಾರ ನಡೆಸಿದವು. 2021ರಲ್ಲಿ 15 ಬ್ಯಾಂಕುಗಳು ಸೇರಿ ದೇಶದೊಳಗಿನ ಸಾಖಪತ್ರಗಳಿಗಾಗಿ ಒಂದು ಜಂಟಿ ಕಂಪೆನಿಯನ್ನೇ ಸ್ಥಾಪಿಸಿದವು. ಒಂದೇ ಸರಕಿನ ಬಿಲ್ಲನ್ನು ಎರಡು ಬ್ಯಾಂಕುಗಳಲ್ಲಿ ತೋರಿಸಿ ಸಾಲ ಪಡೆಯುವ ಮೋಸ ಬ್ಯಾಂಕುಗಳಿಗೆ ದೊಡ್ಡ ತಲೆನೋವಾಗಿತ್ತು. ಒಬ್ಬರ ಪುಸ್ತಕ ಇನ್ನೊಬ್ಬರಿಗೆ ಕಾಣದಿರುವುದೇ ಅದಕ್ಕೆ ಕಾರಣ.

2019ರ ಮಾರ್ಚಿನಲ್ಲಿ ಕಾಫಿ ಮಂಡಳಿ ಬ್ಲಾಕ್‌ಚೈನ್ ಆಧಾರಿತ ಮಾರಾಟ ವೇದಿಕೆಯನ್ನು ಪ್ರಾಯೋಗಿಕವಾಗಿ ಆರಂಭಿಸಿತು. ದೇಶದ ಸುಮಾರು 3.66 ಲಕ್ಷ ಕಾಫಿ ಬೆಳೆಗಾರರಲ್ಲಿ ಶೇ. 98 ಮಂದಿ ಸಣ್ಣ ಹಿಡುವಳಿದಾರರು. ಕೊಡಗು ಅಥವಾ ಚಿಕ್ಕಮಗಳೂರಿನ ತೋಟದ ಕಾಫಿ ಯುರೋಪಿನ ಅಂಗಡಿ ತಲುಪುವಾಗ ಅದರ ಮೂಲದ ಗುರುತು ಉಳಿಯಲಿ, ಬೆಳೆಗಾರ ಖರೀದಿದಾರನಿಗೆ ಹತ್ತಿರವಾಗಲಿ ಎಂಬುದು ಉದ್ದೇಶ. 2020ರ ಜನವರಿಯಲ್ಲಿ ರಾಷ್ಟ್ರೀಯ ಮಾಹಿತಿ ಕೇಂದ್ರ, ಅಂದರೆ ಎನ್‌ಐಸಿ, ಬೆಂಗಳೂರಿನಲ್ಲಿ ಬ್ಲಾಕ್‌ಚೈನ್ ಉತ್ಕೃಷ್ಟತಾ ಕೇಂದ್ರ ತೆರೆಯಿತು. ಅಂಕಪಟ್ಟಿ, ಪ್ರಮಾಣಪತ್ರಗಳ ಸಾಚಾತನ ಪರಿಶೀಲಿಸುವ ಕೆಲಸ ಈ ಮಾರ್ಗದಲ್ಲಿ ಮುಂದೆ ಸಾಗಿದೆ. ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳ ಔಷಧ ಸರಬರಾಜಿನ ಔಷಧ ವ್ಯವಸ್ಥೆಯಲ್ಲೂ ಇದನ್ನು ಬಳಸಲಾಗಿದೆ.

ಆದರೆ ನಮ್ಮ ದೇಶದಲ್ಲಿ ಅತಿ ಹೆಚ್ಚು ವ್ಯಾಪಾರಿಗಳನ್ನು ಈ ತಂತ್ರಜ್ಞಾನದೊಳಗೆ ತಂದದ್ದು ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್. ಬೇಡದ ವಾಣಿಜ್ಯ ಸಂದೇಶಗಳನ್ನು ತಡೆಯಲು 2018ರಲ್ಲಿ ಅದು ಹೊಸ ನಿಯಮ ತಂದಿತು. ಗ್ರಾಹಕರಿಗೆ ಎಸ್ಸೆಮ್ಮೆಸ್ ಕಳಿಸುವ ಪ್ರತಿಯೊಂದು ಸಂಸ್ಥೆ ತನ್ನ ಹೆಸರನ್ನೂ ಸಂದೇಶದ ನಮೂನೆಯನ್ನೂ ಟೆಲಿಕಾಂ ಕಂಪೆನಿಗಳ ಹಂಚಿಕೆಯ ಲೆಡ್ಜರಿನಲ್ಲಿ ನೋಂದಾಯಿಸಬೇಕಾಯಿತು. ದೊಡ್ಡ ಬ್ಯಾಂಕಿನಂತೆಯೇ ಆರ್‌.ಟಿ. ನಗರದ ಒಂದು ಕ್ಲಿನಿಕ್, ಯಲಹಂಕದ ಒಂದು ಶಾಲೆ, ಒಂದು ಸಹಕಾರ ಸಂಘಕ್ಕೂ ಇದು ಅನ್ವಯ. ಬ್ಲಾಕ್‌ಚೈನ್ ಎಂಬ ಪದವನ್ನೇ ಕೇಳದವರೂ ಹೀಗೆ ಅದರ ಬಳಕೆದಾರರಾದರು.

2021ರ ಮಾರ್ಚ್ 8ರಂದು ನಮೂನೆಯ ಪರಿಶೀಲನೆ ಕಟ್ಟುನಿಟ್ಟಾಗಿ ಆರಂಭವಾಯಿತು. ಅಂದು ದೇಶದಾದ್ಯಂತ ಒಟಿಪಿಗಳು ಬಾರದೆ ಬ್ಯಾಂಕ್ ವ್ಯವಹಾರಗಳು ನಿಂತವು. ಅನೇಕ ಸಂಸ್ಥೆಗಳು ನಮೂನೆಗಳನ್ನು ಸರಿಯಾಗಿ ನೋಂದಾಯಿಸಿರಲಿಲ್ಲ. ಮರುದಿನವೇ ಟ್ರಾಯ್ ಒಂದು ವಾರದ ಮಟ್ಟಿಗೆ ಪರಿಶೀಲನೆಯನ್ನು ತಡೆಹಿಡಿಯಿತು. ಯಂತ್ರ ತನಗೆ ಹೇಳಿದ್ದನ್ನು ತಪ್ಪದೆ ಮಾಡಿತ್ತು, ಮನುಷ್ಯರು ಸಿದ್ಧರಾಗಿರಲಿಲ್ಲ. ಇಷ್ಟಾದರೂ ವಂಚನೆಯ ಸಂದೇಶಗಳು ನಿಂತಿಲ್ಲ. ಸಂದೇಶದೊಳಗಿನ ಕೊಂಡಿಗಳ ಮೇಲೆ, ಸಂದೇಶ ಸಾಗಿದ ಹಾದಿಯ ಮೇಲೆ ನಿಗಾ ಇಡಲು 2024ರಲ್ಲಿ ಟ್ರಾಯ್ ಮತ್ತೆ ಹೊಸ ನಿರ್ದೇಶನಗಳನ್ನು ಹೊರಡಿಸಬೇಕಾಯಿತು.

ಹೊರದೇಶಗಳ ಅನುಭವವೂ ಪಾಠ ಕಲಿಸುವಂಥದ್ದೇ. ಹಡಗು ಕಂಪೆನಿ ಮೇರ್ಸ್ಕ್ ಮತ್ತು ಐಬಿಎಂ ಸೇರಿ 2018ರಲ್ಲಿ ಟ್ರೇಡ್‌ಲೆನ್ಸ್ ಎಂಬ ಸರಕು ಸಾಗಣೆ ವೇದಿಕೆ ತೆರೆದವು. ತಂತ್ರಜ್ಞಾನ ಕೆಲಸ ಮಾಡಿತು. ಆದರೆ ಇಡೀ ಉದ್ಯಮದ ಸಹಕಾರ ಸಿಗಲಿಲ್ಲವೆಂದು 2022ರ ನವೆಂಬರಿನಲ್ಲಿ ಅದನ್ನು ಮುಚ್ಚುವ ನಿರ್ಧಾರ ಪ್ರಕಟಿಸಲಾಯಿತು. ಪ್ರತಿಸ್ಪರ್ಧಿಯ ಮನೆಯ ಪುಸ್ತಕದಲ್ಲಿ ತನ್ನ ಲೆಕ್ಕ ಬರೆಯಲು ಯಾವ ವರ್ತಕ ತಾನೆ ಮನಸಾರೆ ಒಪ್ಪುತ್ತಾನೆ? ಅದೇ ತಿಂಗಳು ಆಸ್ಟ್ರೇಲಿಯಾದ ಷೇರುಪೇಟೆ ತನ್ನ ಬ್ಲಾಕ್‌ಚೈನ್ ಯೋಜನೆಯನ್ನು ನಿಲ್ಲಿಸಿತು. ಸುಮಾರು 25 ಕೋಟಿ ಆಸ್ಟ್ರೇಲಿಯನ್ ಡಾಲರ್ ನಷ್ಟವಾಯಿತು.

ಅಳಿಸಲಾಗದ ತಪ್ಪು

ಉತ್ತರ ಬೆಂಗಳೂರಿನ ನಿಜವಾದ ಲೆಕ್ಕದ ಪುಸ್ತಕ ಭೂಮಿಯದು. ದೇವನಹಳ್ಳಿಯ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ಆರಂಭವಾದ ಮೇಲೆ ಹೆಬ್ಬಾಳದಿಂದ ಯಲಹಂಕದಾಚೆಗೆ ನೆಲದ ಬೆಲೆ ಗಗನಕ್ಕೇರಿತು. ಅದರೊಂದಿಗೆ ಕಂದಾಯ ನಿವೇಶನಗಳು, ಜಿಪಿಎ ಮಾರಾಟಗಳು, ಒಂದೇ ನಿವೇಶನಕ್ಕೆ ಇಬ್ಬರು ಒಡೆಯರು ಎಂಬಂಥ ವ್ಯಾಜ್ಯಗಳೂ ಹೆಚ್ಚಿದವು. ಜಿಪಿಎ ಮೂಲಕ ಮಾಡಿದ ಮಾರಾಟ ಒಡೆತನ ಕೊಡುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟಪಡಿಸಿತು. ಆ ವೇಳೆಗೆ ಎಷ್ಟೋ ಸಂಸಾರಗಳು ಜೀವಮಾನದ ಉಳಿತಾಯವನ್ನು ಅಂಥ ಕಾಗದದ ಮೇಲೆ ಹಾಕಿದ್ದವು.

ಭೂದಾಖಲೆಯನ್ನು ಬ್ಲಾಕ್‌ಚೈನಿಗೆ ಹಾಕಿದರೆ ಇದೆಲ್ಲ ಸರಿಹೋಗುತ್ತದೆ ಎಂಬ ಮಾತು ಈಗ ಕೇಳಿಬರುತ್ತಿದೆ. ಜಾರ್ಜಿಯಾ ದೇಶ 2016ರಿಂದ ತನ್ನ ಆಸ್ತಿ ದಾಖಲೆಗಳ ಬೆರಳಚ್ಚನ್ನು ಹೀಗೆ ಸರಪಳಿಗೆ ಸೇರಿಸಿದೆ. ಆದರೆ ಅಲ್ಲಿ ಮೊದಲೇ ನೋಂದಣಿ ವ್ಯವಸ್ಥೆಯನ್ನು ಸುಧಾರಿಸಲಾಗಿತ್ತು. ನಮ್ಮಲ್ಲಿ 1908ರ ನೋಂದಣಿ ಕಾಯ್ದೆ ಪತ್ರವನ್ನು ನೋಂದಾಯಿಸುತ್ತದೆ. ಆ ಪತ್ರ ಬರೆದುಕೊಟ್ಟವನೇ ನಿಜವಾದ ಒಡೆಯ ಎಂದು ಅದು ಖಾತರಿ ಕೊಡುವುದಿಲ್ಲ. ಕೂಟ ಪತ್ರವೊಂದು ನೋಂದಣಿಯಾಗಿ ಸರಪಳಿ ಸೇರಿದರೆ, ಫ್ಲೀಟ್ ಅವರು ಶಂಕಿಸಿದ ತಾಮ್ರಶಾಸನದಂತೆ, ಸುಳ್ಳಿಗೇ ಶಾಶ್ವತದ ಮುದ್ರೆ ಬೀಳುತ್ತದೆ.

ಅರ್ಕಾವತಿ ಬಡಾವಣೆಯ ಉದಾಹರಣೆ ಇನ್ನೊಂದು ಮಿತಿಯನ್ನು ತೋರಿಸುತ್ತದೆ. ಬಿಡಿಎ 2003ರ ಫೆಬ್ರವರಿಯಲ್ಲಿ ಉತ್ತರ ಬೆಂಗಳೂರಿನ 16 ಗ್ರಾಮಗಳ 3,339 ಎಕರೆಗೆ ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. 2004ರ ಅಂತಿಮ ಅಧಿಸೂಚನೆಯಲ್ಲಿ 2,750 ಎಕರೆ ಉಳಿಯಿತು. ಯಾರ ಜಮೀನು ಸೇರಿತು, ಯಾರದು ಬಿಟ್ಟುಹೋಯಿತು, ಯಾಕೆ ಎಂಬ ಪ್ರಶ್ನೆ 2010ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನವರೆಗೂ, 2014ರಲ್ಲಿ ನ್ಯಾಯಮೂರ್ತಿ ಕೆಂಪಣ್ಣ ಆಯೋಗದ ನೇಮಕದವರೆಗೂ ಎಳೆಯಿತು. ಇಲ್ಲಿ ಸರಪಳಿ ಇದ್ದಿದ್ದರೆ ಯಾವ ಸರ್ವೆ ನಂಬರನ್ನು ಯಾವ ದಿನ ಯಾರು ತೆಗೆದರು ಎಂಬುದು ನಿಚ್ಚಳವಾಗಿ ಉಳಿಯುತ್ತಿತ್ತು. ಅದು ದೊಡ್ಡ ಪ್ರಯೋಜನವೇ ಸರಿ. ಆದರೆ ತೆಗೆದದ್ದು ನ್ಯಾಯವೇ ಎಂಬುದನ್ನು ತೀರ್ಮಾನಿಸುವ ಕೆಲಸ ಆಗಲೂ ನ್ಯಾಯಾಲಯಕ್ಕೇ ಉಳಿಯುತ್ತಿತ್ತು.

2024ರ ಅಕ್ಟೋಬರಿನಿಂದ ಆಸ್ತಿ ನೋಂದಣಿಗೆ ಇ-ಖಾತೆ ಕಡ್ಡಾಯವಾಯಿತು. ಭೂಮಿ ಯೋಜನೆಯ ಕಾಲದ ಅನುಭವ ಈಗ ನಗರದ ಮನೆಮಾಲೀಕರಿಗೂ ಆಗುತ್ತಿದೆ. ಹೆಸರಿನ ಕಾಗುಣಿತ, ತೀರಿಹೋದ ತಂದೆಯ ಹೆಸರಿನಲ್ಲೇ ಉಳಿದ ಖಾತೆ, ಪಾಲುಪತ್ರವಾಗದ ಆಸ್ತಿ ಇವೆಲ್ಲ ಒಮ್ಮೆಗೇ ಮುಂದೆ ಬಂದು ನಿಲ್ಲುತ್ತವೆ. ಅಣ್ಣತಮ್ಮಂದಿರ ಖಾತೆಯಲ್ಲಿ ಹೆಣ್ಣುಮಕ್ಕಳ ಹೆಸರು ಎಷ್ಟೋ ಮನೆಗಳಲ್ಲಿ ಸೇರಿಲ್ಲ. ಅಂಥ ಪಟ್ಟಿಯನ್ನು ಅಳಿಸಲಾಗದಂತೆ ಮಾಡುವ ಮೊದಲು ಅದನ್ನು ನ್ಯಾಯವಾಗಿ ಬರೆಯಬೇಡವೇ?

ಕೇಳಬೇಕಾದ ಪ್ರಶ್ನೆಗಳು

ಒಂದು ಕಂಪೆನಿಯಾಗಲಿ, ಸಹಕಾರ ಸಂಘವಾಗಲಿ, ಶಾಲೆಯಾಗಲಿ, ಮಸೀದಿಯ ಆಡಳಿತ ಸಮಿತಿಯಾಗಲಿ, ಹೊಸ ತಂತ್ರಾಂಶ ಮಾರಲು ಬಂದವರ ಮುಂದೆ ಕೆಲವು ಪ್ರಶ್ನೆಗಳನ್ನು ಇಡುವುದು ಲೇಸು. ಪುಸ್ತಕದಲ್ಲಿ ಬರೆಯುವವರು ಒಬ್ಬರೋ, ಪರಸ್ಪರ ನಂಬದ ಹಲವರೋ? ಒಬ್ಬರೇ ಆಗಿದ್ದರೆ ಸಾಮಾನ್ಯ ಕಂಪ್ಯೂಟರ್ ಲೆಕ್ಕ ಮತ್ತು ವರ್ಷಕ್ಕೊಮ್ಮೆ ಪ್ರಾಮಾಣಿಕ ಆಡಿಟ್ ಸಾಕು. ಹಲವರಿದ್ದರೆ, ಎಲ್ಲರೂ ಒಪ್ಪುವ ಮಧ್ಯಸ್ಥನಿದ್ದಾನೆಯೇ? ಮೊದಲ ಬಾರಿ ಬರೆಯುವಾಗ ನಿಜವೋ ಸುಳ್ಳೋ ಎಂದು ನೋಡುವವರು ಯಾರು? ತಪ್ಪಾದರೆ ತಿದ್ದುಪಡಿಯನ್ನು ಹೊಸ ನಮೂದಾಗಿ ಸೇರಿಸುವ ಸುಲಭ ದಾರಿ ಬಡವನಿಗೆ ಇದೆಯೇ? ಹಳೆಯ ಪುಸ್ತಕವನ್ನು ಯಾವ ದಿನ ಮುಚ್ಚಲಾಗುತ್ತದೆ?

ಇನ್ನೊಂದು ಪ್ರಶ್ನೆ ಈಚೆಗೆ ಸೇರಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತನ್ನ ಮಾಹಿತಿಯನ್ನು ತಿದ್ದಿಸುವ, ಅಳಿಸುವಂತೆ ಕೇಳುವ ಹಕ್ಕನ್ನು ವ್ಯಕ್ತಿಗೆ ಕೊಡುತ್ತದೆ. ಅಳಿಸಲಾಗದ ಪುಸ್ತಕದಲ್ಲಿ ರೋಗಿಯ ಕಾಯಿಲೆಯನ್ನೋ, ನೆರವು ಪಡೆದ ವಿಧವೆಯ ಹೆಸರನ್ನೋ ನೇರವಾಗಿ ಬರೆದುಬಿಟ್ಟರೆ ಆ ಹಕ್ಕು ಎಲ್ಲಿ ಉಳಿಯಿತು? ಮಾಹಿತಿಯನ್ನು ಹೊರಗಿಟ್ಟು ಅದರ ಬೆರಳಚ್ಚನ್ನು ಮಾತ್ರ ಸರಪಳಿಗೆ ಸೇರಿಸುವುದು ಇದಕ್ಕೆ ತಜ್ಞರು ಕಂಡುಕೊಂಡಿರುವ ದಾರಿ. ಗುಟ್ಟಾಗಿ ಉಳಿಯಬೇಕಾದ ದಾನವನ್ನು ಗುಟ್ಟಾಗಿಯೇ ಉಳಿಸಬೇಕಾದ ಸಂಸ್ಥೆಗಳು ಇದನ್ನು ವಿಶೇಷವಾಗಿ ಗಮನಿಸಬೇಕು.

ಕಲ್ಲಿನಿಂದ ಸರಪಳಿಯವರೆಗಿನ ಚರಿತ್ರೆಯಲ್ಲಿ ನಾವು ಕಾಣುವುದು ಇಷ್ಟು. ಬರಹವನ್ನು ಕಾಯುವ ಸಾಧನಗಳು ಒಂದಕ್ಕಿಂತ ಒಂದು ಬಲವಾಗುತ್ತಾ ಬಂದಿವೆ. ಬರೆಯುವವನ ಪ್ರಾಮಾಣಿಕತೆಯ ಜಾಗವನ್ನು ಮಾತ್ರ ಯಾವ ಸಾಧನವೂ ತುಂಬಿಲ್ಲ. ಪುಸ್ತಕ ಎಷ್ಟು ಗಟ್ಟಿಯಾಗುತ್ತದೋ ಅದರ ಮೊದಲ ಸಾಲು ಬರೆಯುವಾಗ ಅಷ್ಟೇ ಎಚ್ಚರ ಬೇಕು, ಏಕೆಂದರೆ ತಪ್ಪೂ ಅಷ್ಟೇ ಗಟ್ಟಿಯಾಗುತ್ತದೆ. ಆದ್ದರಿಂದ ಹೊಸ ವ್ಯವಸ್ಥೆ ಬಂದಾಗಲೆಲ್ಲ ಯಂತ್ರದ ಬಗ್ಗೆ ಕೇಳುವುದರ ಜೊತೆಗೆ ಯಶವಂತಪುರದ ಮಂಡಿಯ ಮುಂದೆ ನಿಂತ ರೈತನಿಗೆ, ಖಾತೆಯಲ್ಲಿ ಹೆಸರಿಲ್ಲದ ಆ ಹೆಣ್ಣುಮಗಳಿಗೆ ತಮ್ಮ ಮಾತನ್ನು ಹೇಳಿ ಬರೆಸುವ ಅವಕಾಶವಿದೆಯೇ ಎಂದು ಕೇಳುವುದನ್ನು ನಾವು ರೂಢಿಸಿಕೊಳ್ಳಬೇಕು. ಅದಕ್ಕೆ ಹೌದು ಎಂಬ ಉತ್ತರ ಸಿಕ್ಕಿದ ಮೇಲೆ ಆ ಬರಹ ಕಲ್ಲಿನ ಮೇಲಿರಲಿ, ಕಂಪ್ಯೂಟರಿನಲ್ಲಿರಲಿ, ಅದನ್ನು ಅಳಿಸಲಾಗದಂತೆ ಕಾಯುವುದಕ್ಕೆ ಅರ್ಥವಿರುತ್ತದೆ.